ನಾಲ್ಕು ಗಂಟೆಯ ಕರೆ

ಮನೆ ಓನರ್ ಆಂಟಿ ಮಹಡಿ ಹತ್ತಿ ಬರುವುದು ಅಪರೂಪ. ಅವರಿಗೆ ಮಂಡಿ ನೋವು. ಏನಾದರೂ ಬೇಕಿದ್ದರೆ ಕೆಳಗಿನ ಅಂಗಳದಿಂದಲೇ ಕೂಗುತ್ತಿದ್ದರು. ಆ ಭಾನುವಾರ ಸಂಜೆ ಮಾತ್ರ ಹತ್ತಿ ಬಂದರು. ಬಾಗಿಲ ಚೌಕಟ್ಟು ಹಿಡಿದು ಉಸಿರು ಸುಧಾರಿಸಿಕೊಂಡು, ನಾನು ಕುರ್ಚಿ ಎಳೆದು ಕೊಡುವ ಮೊದಲೇ ಹೇಳಿದರು.

"ಅವಳು ಕರೀಲಿಲ್ಲ ಕಣಮ್ಮ."

ಅವಳು ಎಂದರೆ ಅವರ ಮಗಳು. ತೀರಿಕೊಂಡು ಐದು ತಿಂಗಳಾಗಿತ್ತು.

ಆಂಟಿ ಗಡಿಯಾರದ ಕಡೆ ಕೈ ತೋರಿಸಿದರು. "ನಾಲ್ಕು ಗಂಟೆಗೆ ಕರೀತಿದ್ಲು. ಈಗ ಐದೂವರೆ. ನೀನು ಕಂಪ್ಯೂಟ್ರು ಸರಿ ಮಾಡ್ದೆಯಲ್ಲ, ಅದ್ಕೇ ಕೇಳಾನ ಅಂತ ಬಂದೆ."

ಹಿಂದಿನ ದಿನ ಸಂಜೆಯಷ್ಟೇ ನಾನು ಅವರ ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದೆ. ಹಳೆಯದಕ್ಕೆ ವೈರಸ್ ಹತ್ತಿತ್ತು; ಆನ್ ಆಗಲು ಹದಿನೈದು ನಿಮಿಷ ತೆಗೆದುಕೊಳ್ಳುತ್ತಿತ್ತು. ಆ ವರ್ಷ ನಮ್ಮ ಆಫೀಸಿನಲ್ಲೂ ಎಲ್ಲ ಮೆಷಿನ್‌ಗಳನ್ನು ಹೊಸದಕ್ಕೆ ಬದಲಾಯಿಸುತ್ತಿದ್ದರು. ಮಾಡುವುದಾದರೆ ಪೂರ್ತಿ ಮಾಡಿಬಿಡೋಣ ಎಂದುಕೊಂಡೆ. ಅಳಿಸುವ ಮೊದಲು ಕೇಳಿಯೂ ಇದ್ದೆ: "ಇದರಲ್ಲಿ ಏನೇನು ಬೇಕು ಆಂಟಿ?" ಅವರು "ಅವಳ ಫೋಟೋ ಇದ್ರೆ ಸಾಕು" ಎಂದಿದ್ದರು. ಫೋಟೋಗಳನ್ನೆಲ್ಲ ತೆಗೆದಿಟ್ಟು, ಹೊಸ ಪರದೆಯ ಮೇಲೆ ಒಂದನ್ನು ಹಾಕಿ, ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದ ಮೇಲೆ ಬಂದಿದ್ದೆ.

ದಿನಾ ನಾಲ್ಕಕ್ಕೆ ಅದರಿಂದ ಕೇಳುತ್ತಿದ್ದ ಮಗಳ ದನಿ ಕಂಪ್ಯೂಟರಿನಲ್ಲಿ ಇಟ್ಟ ಒಂದು ವಸ್ತು, ಅದನ್ನೂ ಹೇಳಿ ಉಳಿಸಿಕೊಳ್ಳಬೇಕು ಎಂದು ಆಂಟಿಗೆ ಹೊಳೆದಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಆ ಡಬ್ಬಿಯ ಸ್ವಭಾವವಾಗಿತ್ತು. ಹಸುವಿನ ಮೈ ತೊಳೆದ ಮೇಲೆ ಅದು ಕೂಗುವುದನ್ನು ಬಿಟ್ಟರೆ ಹೇಗೋ ಹಾಗೆ ಗಾಬರಿಯಾಗಿದ್ದರು.

ಆ ಹುಡುಗಿ ನನಗಿಂತ ಎರಡು ವರ್ಷ ಚಿಕ್ಕವಳು. ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ವರ್ತೂರಿನ ಆ ಬೀದಿಯಿಂದ ಮುಖ್ಯರಸ್ತೆಗೆ ನಡೆದು, ಬೆಳಗಿನ ಶಿಫ್ಟಿದ್ದಾಗ ಐದೂವರೆಗೇ ಕಂಪನಿ ಬಸ್ಸು ಹಿಡಿಯುತ್ತಿದ್ದಳು. ನಾನು ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಮೆಟ್ಟಿಲ ಮೇಲೆ ಎದುರಾದರೆ ನಗುತ್ತಿದ್ದೆವು. ಅದಕ್ಕಿಂತ ಹೆಚ್ಚು ಹತ್ತಿರವಾಗಲು ನಾನು ಬಿಟ್ಟಿರಲಿಲ್ಲ; ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವ ಸ್ವಭಾವ ನನ್ನದಲ್ಲ.

ಒಮ್ಮೆ ಅವಳೇ ಕರೆದಳು. "ಅಕ್ಕ, ಒಂದ್ನಿಮಿಷ ಬನ್ನಿ. ನಿಮಗೇ ತೋರಿಸ್ಬೇಕು, ಇವ್ರಿಗೆ ತೋರಿಸಿ ಪ್ರಯೋಜನ ಇಲ್ಲ."

ಡೆಸ್ಕ್‌ಟಾಪನ್ನು ಸಿಂಗರಿಸುವ ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದಳು. ಪರದೆಯ ಮೇಲೆ ಗಾಜಿನಂಥ ದುಂಡು ಗಡಿಯಾರ. ಕೆಳಗೆ ಸಾಲು ಚಿತ್ರಗಳು. ಮೌಸ್ ಹತ್ತಿರ ಹೋದರೆ ಉಬ್ಬಿಕೊಳ್ಳುತ್ತಿದ್ದವು. ಬಲಗಡೆ ಮೂಲೆಯಲ್ಲಿ ಒಂದು ಮೀನಿನ ತೊಟ್ಟಿ, ಅದರಲ್ಲಿ ಕಿತ್ತಳೆ ಬಣ್ಣದ ನಾಲ್ಕು ಮೀನು.

"ಬರೀ ಡೆಸ್ಕ್‌ಟಾಪ್ ನೋಡಿದ್ರೆ ತಾಲ್ಲೂಕಾಫೀಸ್ ನೋಡ್ದಂಗಾಗುತ್ತೆ ಅಕ್ಕ" ಎಂದಳು.

ಅವಳಪ್ಪ, ಓನರ್ ಅಂಕಲ್, ಜಗಲಿಯಿಂದಲೇ ದನಿ ಸೇರಿಸಿದರು. "ಅದ್ರೊಳಗೆ ಮೀನು ಸಾಕವ್ಳೆ ನೋಡಮ್ಮ. ಕೆರೇಲಿ ಮೀನು ಸತ್ತೋದ್ವು ಅಂತ ಮನೇಲಿ ಸಾಕವ್ಳೆ. ಇವ್ರಮ್ಮ ಕಾಳು ಆಕ್ಬೇಕಾ ಅಂತ ಕೇಳ್ತಾವ್ಳೆ."

"ಸುಮ್ಕಿರಿ, ನಾನೆಲ್ಲಿ ಕೇಳ್ದೆ" ಎಂದರು ಆಂಟಿ ಅಡಿಗೆಮನೆಯಿಂದ.

ನಾನು ಅಷ್ಟೆಲ್ಲವನ್ನೂ ನೋಡಿ ಹೇಳಿದ್ದು ಇಷ್ಟು: "ಇಷ್ಟೊಂದು ಹಾಕಿದ್ರೆ ಮೆಷಿನ್ ಸ್ಲೋ ಆಗುತ್ತೆ."

"ಆಗ್ಲಿ ಬಿಡಿ ಅಕ್ಕ. ನಮ್ಗೇನು ಅರ್ಜೆಂಟು?" ಎಂದು ನಕ್ಕಳು.

ಡೆಂಗಿ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳು. ಆಗ ನಾನು ಆಫೀಸಿನ ಕೆಲಸಕ್ಕೆಂದು ಪುಣೆಯಲ್ಲಿದ್ದೆ. ಹಿಂದಿರುಗುವ ಹೊತ್ತಿಗೆ ಕಾರ್ಯಗಳೆಲ್ಲ ಮುಗಿದಿದ್ದವು. ಹೇಗಾಯಿತು, ಎಷ್ಟು ಹೊತ್ತಿಗೆ ಎಂದು ಯಾವ ವಿವರವನ್ನೂ ನಾನು ಕೇಳಲಿಲ್ಲ.

ಆಂಟಿಗೆ ಬಿ.ಪಿ. ಮಧ್ಯಾಹ್ನದ ಮೇಲಿನ ಮಾತ್ರೆಯನ್ನು ಮರೆಯುತ್ತಿದ್ದರು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಹಿತ್ತಲಲ್ಲಿ ಹಸುವಿನ ಹತ್ತಿರವೋ ಸೊಪ್ಪಿನ ಪಾತಿಯಲ್ಲೋ ಇರುತ್ತಿದ್ದರು. ಅದಕ್ಕೇ ಮಗಳು ಆ ಸಾಫ್ಟ್‌ವೇರಿನಲ್ಲಿ ಜ್ಞಾಪಿಸುವ ಒಂದು ಸೌಕರ್ಯ ಕಂಡು, ತನ್ನ ದನಿಯನ್ನೇ ರೆಕಾರ್ಡ್ ಮಾಡಿ, ದಿನಾ ನಾಲ್ಕು ಗಂಟೆಗೆ ಕೂಗುವಂತೆ ಇಟ್ಟು, ದೊಡ್ಡ ಸ್ಪೀಕರ್ ತಂದು ಜೋಡಿಸಿದ್ದಳು. ಅವಳು ಹೋದ ಮೇಲೂ ಅದು ದಿನಾ ಕೂಗಿದೆ. ಆಂಟಿ ದಿನಾ ಮಾತ್ರೆ ನುಂಗಿದ್ದಾರೆ. ಇದು ನನಗೆ ತಿಳಿದಿರಲಿಲ್ಲ. ವಾರವೆಲ್ಲ ಆ ಹೊತ್ತಿಗೆ ನಾನು ಆಫೀಸಿನಲ್ಲಿ. ರಜೆಯ ದಿನ ಕೆರೆಯ ನಾತಕ್ಕೆ ಕಿಟಕಿ ಮುಚ್ಚಿ ಕೂತಿರುತ್ತಿದ್ದೆ.

ಆಫೀಸಿನ ಅಭ್ಯಾಸ ನನ್ನನ್ನು ಉಳಿಸಿತು. ಏನನ್ನೇ ಅಳಿಸುವ ಮೊದಲು ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಿಡುವುದು ನನ್ನ ರೂಢಿ. ಆ ನಕಲಿನಲ್ಲಿ ಸಾಫ್ಟ್‌ವೇರಿನ ಫೋಲ್ಡರ್ ಸಿಕ್ಕಿತು. ಅದರೊಳಗೆ ಒಂದು ಸೌಂಡ್ ಫೈಲ್. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ.

"ಅಮ್ಮೋ... ಮಾತ್ರೆ ತಗೊಂಡ್ಯಾ? ಆಮೇಲೆ ಅನ್ಬೇಡ. ಈಗ್ಲೇ ತಗೋ."

ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. ಕೊನೆಯಲ್ಲಿ, ರೆಕಾರ್ಡಿಂಗ್ ನಿಲ್ಲಿಸುವ ಮೊದಲು, ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು, ಇನ್ನೇನೋ ಹೇಳುವವಳಂತೆ. ನಾನು ಹೆಡ್‌ಫೋನ್ ತೆಗೆದಿಟ್ಟು ಸ್ವಲ್ಪ ಹೊತ್ತು ಎದ್ದು ಓಡಾಡಿದೆ.

ಆ ಫೈಲನ್ನು ಆಂಟಿಯ ಕಂಪ್ಯೂಟರಿಗೆ ಹಾಕಿ, ಪರದೆಯ ನಡುವೆ ದೊಡ್ಡದಾಗಿ ಕಾಣುವಂತೆ ಇಟ್ಟು, ತೋರಿಸಿದೆ. "ಇಲ್ಲಿ ಎರಡು ಸಲ ಒತ್ತಿದ್ರೆ ಸಾಕು ಆಂಟಿ. ಯಾವಾಗ ಬೇಕಾದ್ರೂ ಕೇಳಬಹುದು."

ಅವರು ಒತ್ತಲಿಲ್ಲ. ಮೌಸಿನ ಮೇಲೆ ನಾನಿಟ್ಟ ಅವರ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ನಾನು ಒತ್ತಿದ್ರೆ ನಾನೇ ಕರ್ಕೊಂಡಂಗಾಯ್ತು. ಅವಳು ಕರ್ದಂಗೆ ಎಲ್ಲಾಯ್ತು?"

ಹಾಗಾಗಿ ಆ ಸಾಫ್ಟ್‌ವೇರನ್ನೇ ಹೊಸ ಸಿಸ್ಟಂ ಮೇಲೆ ನಡೆಸಬೇಕಾಯಿತು. ಅಲ್ಲಿಂದ ಮೂರು ವಾರ, ಆಫೀಸಿನಿಂದ ಬಂದ ಮೇಲಿನ ಸಂಜೆಗಳು ಮತ್ತು ಶನಿವಾರಗಳು, ನಾನು ಕೆಳಗಿನ ಮನೆಯಲ್ಲಿ ಅವಳ ಕುರ್ಚಿಯಲ್ಲಿ ಕೂತೆ.

ತೆರೆದರೆ ತೆರೆಯುತ್ತಿತ್ತು. ಗಡಿಯಾರ ಬರುತ್ತಿತ್ತು, ಚಿತ್ರಗಳ ಸಾಲು ಬರುತ್ತಿತ್ತು. ಅವಳು ಜೋಡಿಸಿಟ್ಟಿದ್ದೆಲ್ಲ ಅದೇ ಜಾಗದಲ್ಲಿ ಒಂದೊಂದಾಗಿ ಮೂಡುತ್ತಿತ್ತು. ಮೂರೋ ನಾಲ್ಕೋ ಸೆಕೆಂಡು. ಆಮೇಲೆ ಪರದೆ ಬಿಳಿಚಿಕೊಂಡು, ಪ್ರೋಗ್ರಾಂ ಕೆಲಸ ನಿಲ್ಲಿಸಿದೆ ಎಂಬ ಒಕ್ಕಣೆ ಬಂದು, ಎಲ್ಲ ಮಾಯವಾಗುತ್ತಿತ್ತು. ಹಿಂದೆ ಉಳಿಯುತ್ತಿದ್ದುದು ನಾನು ಹಾಕಿದ ಫೋಟೋ ಒಂದೇ. ಆಂಟಿ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದರು. ಪ್ರತಿ ಸಲವೂ ಗಡಿಯಾರ ಮೂಡಿದಾಗ ಅವರ ಕೈ ನಿಲ್ಲುತ್ತಿತ್ತು.

"ಬತ್ತಾಳೆ, ನಿಲ್ಲಲ್ಲ" ಎಂದರು ಒಂದು ದಿನ, ಯಾರಿಗೂ ಅಲ್ಲದಂತೆ.

ತಾನು ಹಳೆಯ ಸಿಸ್ಟಂ ಮೇಲಿದ್ದೇನೆಂದು ಸಾಫ್ಟ್‌ವೇರ್ ನಂಬುವಂತೆ ಮಾಡುವ ಒಂದು ಆಯ್ಕೆಯಿರುತ್ತದೆ, ಅದನ್ನು ಹಾಕಿದೆ. ಎಲ್ಲ ಅಧಿಕಾರ ಕೊಟ್ಟು ತೆರೆದೆ. ಬೇರೆ ಫೋಲ್ಡರಿಗೆ ಎತ್ತಿಟ್ಟೆ. ಹೊಸ ಸಿಸ್ಟಂನ ಪಾರದರ್ಶಕ ಅಂಚುಗಳನ್ನು ಆಫ್ ಮಾಡಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ನೋಟ್‌ಬುಕ್ಕಿನ ಎರಡು ಪುಟ ತುಂಬಿತು. ಆ ಸಾಫ್ಟ್‌ವೇರ್ ಮಾಡಿದವರ ವೆಬ್‌ಸೈಟ್ ಮುಚ್ಚಿಹೋಗಿತ್ತು. ಬಳಸುವವರು ಮಾತಾಡಿಕೊಳ್ಳುತ್ತಿದ್ದ ಒಂದು ತಾಣ ಮಾತ್ರ ಇನ್ನೂ ತೆರೆಯುತ್ತಿತ್ತು. ಅಲ್ಲಿ ಯಾರೋ ಇದೇ ತೊಂದರೆ ಬರೆದು ಸಹಾಯ ಕೇಳಿದ್ದರು. ಕೆಳಗೆ ಉತ್ತರವಿರಲಿಲ್ಲ. ಒಂದು ವರ್ಷ ಬಿಟ್ಟು ಅದೇ ವ್ಯಕ್ತಿ ಬಂದು, ಯಾರಾದರೂ ಇದ್ದೀರಾ ಎಂದು ಕೇಳಿ ಹೋಗಿದ್ದರು.

ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪ್ರೋಗ್ರಾಮರ್ ಒಬ್ಬರನ್ನು ಕೇಳಿದೆ. ಮನೆಯ ವಿಷಯ ಹೇಳಲಿಲ್ಲ. ಪರಿಚಯದವರ ಕಂಪ್ಯೂಟರ್ ಎಂದೆ.

"ಅಯ್ಯೋ ಮೇಡಂ, ಅದನ್ನ ಇನ್ನೂ ಯಾರು ಇಟ್ಕೊಂಡಿದಾರೆ? ತೆಗೆದು ಬಿಸಾಕಕ್ಕೆ ಹೇಳಿ."

"ಬಿಸಾಕೋ ಹಾಗಿಲ್ಲ."

ಅವರು ನನ್ನ ಮುಖ ನೋಡಿ ತಮಾಷೆ ನಿಲ್ಲಿಸಿದರು. "ನೋಡಿ, ಹಳೇ ಸಿಸ್ಟಂ ಒಂಥರಾ ನಮ್ಮ ಹಳ್ಳಿ ಕಡೆ ಇದ್ದಂಗೆ. ಪಕ್ಕದವನ ಹೊಲಕ್ಕೆ ಒಂದಡಿ ಕಾಲಿಟ್ರೂ ಹೋಗ್ಲಿ ಅಂತ ಸುಮ್ನಿರ್ತಿದ್ರು. ಹೊಸದು ಬೇಲಿ ಹಾಕಿದೆ. ನಿಮ್ಮ ಸಾಫ್ಟ್‌ವೇರಲ್ಲಿ ಯಾವುದೋ ಒಂದು ತನ್ನದಲ್ದ ಜಾಗಕ್ಕೆ ಕಾಲಿಡ್ತಿದೆ. ಯಾವುದು ಅಂತ ಹುಡುಕಿ, ಅದೊಂದನ್ನ ತೆಗೀರಿ. ಮಿಕ್ಕಿದ್ದು ಬದುಕ್ಕೊಳ್ಳುತ್ತೆ."

ಮುಂದಿನ ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಕೆಳಗಿಳಿದೆ. ಹನ್ನೆರಡರಿಂದ ಐದರವರೆಗೆ ಕರೆಂಟ್ ಇರುವುದಿಲ್ಲವೆಂದು ಲೈನ್‌ಮನ್ ಹೇಳಿಹೋಗಿದ್ದ. ಅಂಕಲ್ ಹೊಲದ ಕಡೆ ಹೋಗಿದ್ದರು. ಆಂಟಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಪರದೆಯ ಮೇಲೆ ಯಾವುದು ಎಲ್ಲಿರಬೇಕೆಂಬ ಪಟ್ಟಿ ಒಂದು ಫೈಲಿನಲ್ಲಿತ್ತು. ಅದರಲ್ಲಿ ಅರ್ಧವನ್ನು ತೆಗೆದು ನೋಡಿದೆ, ಬಿದ್ದುಹೋಯಿತು. ಅದನ್ನು ಹಿಂದಕ್ಕೆ ಹಾಕಿ ಇನ್ನರ್ಧ ತೆಗೆದೆ, ಬೀಳದೆ ನಿಂತಿತು. ಹೀಗೆ ಕತ್ತರಿಸುತ್ತ ಬಂದು ಕೊನೆಗೆ ಸಿಕ್ಕಿದ್ದು ಮೀನಿನ ತೊಟ್ಟಿ.

ಮೀನಿನ ತೊಟ್ಟಿಯ ಸಾಲನ್ನು ಅಳಿಸಿ ತೆರೆದೆ. ಗಡಿಯಾರ ಬಂತು. ಚಿತ್ರಗಳು ಬಂದವು. ಮೂರು ಸೆಕೆಂಡು ಕಳೆಯಿತು, ಹತ್ತು ಕಳೆಯಿತು. ಐದು ನಿಮಿಷ ನೋಡುತ್ತ ಕೂತೆ. ಏನೂ ಬೀಳಲಿಲ್ಲ.

ಇನ್ನು ಉಳಿದದ್ದು ಕರೆ. ಅದು ನಾಲ್ಕಕ್ಕೆ ಬರಬೇಕು. ನಾಲ್ಕಕ್ಕೆ ಕರೆಂಟ್ ಇರುವುದಿಲ್ಲ. ಇಂಥಲ್ಲಿ ಟೆಸ್ಟರ್‌ಗಳು ಯೋಚಿಸುವುದೇ ಇಲ್ಲ. ತಿಂಗಳ ಕೊನೆಯ ವರದಿ ಬರುತ್ತದೋ ನೋಡಲು ತಿಂಗಳ ಕೊನೆಯವರೆಗೆ ಯಾರೂ ಕಾಯುವುದಿಲ್ಲ, ಗಡಿಯಾರ ತಿರುಗಿಸುತ್ತಾರೆ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ನಾನು ಕಂಪ್ಯೂಟರಿನ ಗಡಿಯಾರವನ್ನು ಮೂರು ಐವತ್ತೊಂಬತ್ತಕ್ಕೆ ತಿರುಗಿಸಿ, ಕೈ ಕಟ್ಟಿ ಕೂತೆ. ಸ್ಪೀಕರಿನ ಕಡೆ ನನ್ನ ಗಮನ ಹೋಗಲಿಲ್ಲ. ಆಫೀಸಿನಲ್ಲಿ ನಮ್ಮ ಮೆಷಿನ್‌ಗಳಿಗೆ ಸ್ಪೀಕರ್ ಇರುವುದಿಲ್ಲ.

"ಅಮ್ಮೋ... ಮಾತ್ರೆ ತಗೊಂಡ್ಯಾ?"

ಮನೆ ತುಂಬ ಕೇಳಿಸಿತು. ಹಿತ್ತಲಲ್ಲಿ ಪಾತ್ರೆ ಕೆಳಗೆ ಬಿದ್ದ ಸದ್ದು. "ಬಂದೆ ಕಣವ್ವಾ, ಬಂದೆ!"

ಆ ಮಂಡಿಗಳಲ್ಲಿ ಅವರು ಓಡಿಬಂದದ್ದನ್ನು ನಾನು ನೋಡಿದೆ. ಮೊಣಕೈವರೆಗೆ ಸೋಪಿನ ನೊರೆ. ಕೋಣೆಯ ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಕುರ್ಚಿಯನ್ನು. ಕುರ್ಚಿಯಲ್ಲಿ ನಾನಿದ್ದೆ. ನನ್ನನ್ನು ಕಂಡಾಗ ಅವರ ಮುಖದಲ್ಲಿ ಆದದ್ದನ್ನು ಬರೆಯುವ ಅಧಿಕಾರ ನನಗಿಲ್ಲ.

ಆಮೇಲೆ ಅವರು ಗೋಡೆಯ ಗಡಿಯಾರ ನೋಡಿದರು. ಹನ್ನೊಂದು.

"ಈಗ್ಯಾಕೆ ಕರೆದ್ಲು?" ಎಂದರು. ಮತ್ತೆ ತಾವೇ, ತಗ್ಗಿದ ದನಿಯಲ್ಲಿ, "ಅನ್ನೊಂದು. ಅನ್ನೊಂದಕ್ಕೇ ಅಲ್ವಾ ಆಸ್ಪತ್ರೇಲಿ..." ಎಂದು ಅಲ್ಲೇ ನೆಲದ ಮೇಲೆ ಕೂತರು.

ಮಗಳು ಹೋದದ್ದು ಬೆಳಗಿನ ಹನ್ನೊಂದಕ್ಕೆ ಎಂದು ನನಗೆ ತಿಳಿದದ್ದು ಆಗ.

ನಾನು ಗಡಿಯಾರ ತಿರುಗಿಸಿದೆ ಎಂದು ಹೇಳಬೇಕಿತ್ತು. ಮೂರು ಪದಗಳ ಮಾತು. ಬಾಯಿಯವರೆಗೆ ಬಂತು. ಅಷ್ಟರಲ್ಲಿ ಅವರು ಸೆರಗಿನಿಂದ ಕೈ ಒರೆಸಿಕೊಂಡು, ಎದ್ದು, ಪರದೆಯನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಸುಮ್ಮನಾದೆ. ಅವರು ಹಿತ್ತಲಿಗೆ ಹೋದ ಮೇಲೆ ಗಡಿಯಾರವನ್ನು ಸರಿಯಾದ ಸಮಯಕ್ಕೆ ತಂದು, ಕೆಲಸ ಮುಗಿಯಿತೆಂದು ಹೇಳಿ ಮೇಲೆ ಬಂದೆ. ಮೀನು ಎಲ್ಲಿ ಹೋದವೆಂದು ಅವರು ಕೇಳಲೂ ಇಲ್ಲ.

ಮಾರನೆಯ ದಿನದಿಂದ ನಾಲ್ಕು ಗಂಟೆಗೆ ಕರೆ ಸರಿಯಾಗಿ ಬರತೊಡಗಿತು. ನಾನು ಮಾಡಬೇಕಾದದ್ದು ಆಗಿತ್ತು. ಆದರೆ ಎರಡು ವಾರದ ಮೇಲೆ ಬಾಡಿಗೆ ಕೊಡಲು ಹೋದಾಗ ಅಂಕಲ್ ಜಗಲಿಯ ಮೇಲೆ ಒಬ್ಬರೇ ಸೊಪ್ಪಿನ ಕಂತೆ ಕಟ್ಟುತ್ತಿದ್ದರು.

"ಆಂಟಿ ಇಲ್ವಾ?"

"ಅವ್ಳೆ ಒಳಗೆ. ಕಂಪ್ಯೂಟ್ರು ಮುಂದೆ ಕುಂತವ್ಳೆ. ದಿನಾ ಹತ್ತೂವರೆ ಆಯ್ತು ಅಂದ್ರೆ ಹೊಲದಿಂದ ಎದ್ದು ಬಂದ್ಬುಡ್ತಾಳೆ. ಸೊಪ್ಪು ತಗೊಂಡೋಗೋ ಗಾಡಿ ಬರೋ ಹೊತ್ತು ಅದು, ಕೀಳೋರ್ಯಾರು? ಕೇಳಿದ್ರೆ, ಅನ್ನೊಂದಕ್ಕೆ ಕರೆದ್ರೆ ನಾನಿಲ್ದಿದ್ರೆ ಎಂಗೆ ಅಂತಾಳೆ." ಕಂತೆಗೆ ಬಾಳೆನಾರು ಬಿಗಿದು, ನನ್ನ ಕಡೆ ನೋಡದೆ ಕೇಳಿದರು: "ಮಾತ್ರೆ ನಾಲ್ಕಕ್ಕಲ್ವೇನಮ್ಮ?"

ನಾಲ್ಕರ ಕರೆ ಅವರನ್ನು ಹಿತ್ತಲಿಂದ ಐದು ನಿಮಿಷ ಒಳಗೆ ತರುತ್ತಿತ್ತು, ಅಷ್ಟೆ. ಹನ್ನೊಂದರ ಕರೆಯನ್ನು ನಾನು ಹುಟ್ಟಿಸಿದ್ದೆ. ಅದು ಬರುವುದಿಲ್ಲವಾದ್ದರಿಂದ ಅದಕ್ಕೆ ಕಾಯುವುದು ಮುಗಿಯುವುದೂ ಇಲ್ಲ.

ಒಳಗೆ ಹೋದೆ. ಹತ್ತು ಐವತ್ತಾಗಿತ್ತು. ಆಂಟಿ ಕುರ್ಚಿಯಲ್ಲಿ ಕೂತಿರಲಿಲ್ಲ. ಕುರ್ಚಿಯನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಚಾಪೆ ಹಾಕಿಕೊಂಡಿದ್ದರು. ನಾನೂ ಚಾಪೆಯ ಅಂಚಿನಲ್ಲಿ ಕೂತು ಹೇಳಿದೆ. ಎಲ್ಲವನ್ನೂ, ಕ್ರಮವಾಗಿ: ಮೀನಿನ ತೊಟ್ಟಿ ತೆಗೆದದ್ದು, ಕರೆಂಟ್ ಹೋಗುತ್ತದೆಂದು ಅವಸರ ಮಾಡಿದ್ದು, ಗಡಿಯಾರವನ್ನು ಮೂರು ಐವತ್ತೊಂಬತ್ತಕ್ಕೆ ತಿರುಗಿಸಿದ್ದು, ಕಂಪ್ಯೂಟರಿಗೆ ಆಗ ನಾಲ್ಕು ಗಂಟೆಯೆಂದೇ ತೋರಿದ್ದು. "ಅವಳು ಹನ್ನೊಂದಕ್ಕೆ ಕರೀಲಿಲ್ಲ ಆಂಟಿ. ನಾನು ಕರೆಸಿದ್ದು. ಅವತ್ತೇ ಹೇಳ್ಬೇಕಿತ್ತು. ತಪ್ಪಾಯ್ತು."

ಬೈಯುತ್ತಾರೆ ಅಂದುಕೊಂಡಿದ್ದೆ, ಅಥವಾ ಅಳುತ್ತಾರೆ. ಅವರು ಗಮನವಿಟ್ಟು ಕೇಳಿದರು, ಪಾಠ ಕೇಳುವವರ ಹಾಗೆ.

"ನೀನೇ ತಿರುಗಿಸ್ದೆ. ಸರಿ" ಎಂದರು. "ಒಂಬತ್ತೂವರೆಗೆ ಬಂದು ಕುಂತೋಳು ನೀನು. ಹತ್ತಕ್ಕೆ ತಿರುಗಿಸ್ಲಿಲ್ಲ, ಹತ್ತೂವರೆಗೆ ತಿರುಗಿಸ್ಲಿಲ್ಲ. ಅವಳು ನಿನ್ ಕೈಲಿ ಅನ್ನೊಂದಕ್ಕೇ ಯಾಕೆ ತಿರುಗಿಸಿದ್ಲು, ಅದ್ನೇಳು?"

"ಅಷ್ಟೊತ್ತಿಗೆ ಸರಿಹೋಯ್ತು ಆಂಟಿ. ಅದ್ಕೆ."

"ಅಷ್ಟೊತ್ತಿಗೇ ಯಾಕೆ ಸರಿಹೋಯ್ತು?"

ನನ್ನ ಹತ್ತಿರ ನೋಟ್‌ಬುಕ್ ಇತ್ತು, ಅದರಲ್ಲಿ ಒಂದರ ಕೆಳಗೊಂದು ಹಂತಗಳಿದ್ದವು. ಪ್ರತಿಯೊಂದಕ್ಕೂ ಕಾರಣ ಹೇಳಬಲ್ಲೆ. ಐದು ನಿಮಿಷ ಸುಮ್ಮನೆ ನೋಡುತ್ತ ಕೂತದ್ದಕ್ಕೆ ಮಾತ್ರ ಹೇಳಲಾರೆ. ಐದೇ ನಿಮಿಷ ಏಕೆ, ಎರಡಲ್ಲ, ಹತ್ತಲ್ಲ?

ಪರದೆಯ ಗಾಜಿನ ಗಡಿಯಾರದಲ್ಲಿ ಮುಳ್ಳು ಹನ್ನೊಂದಕ್ಕೆ ಬಂತು. ಕರೆ ಬರುವುದಿಲ್ಲವೆಂದು ನನಗೆ ಖಚಿತವಾಗಿ ಗೊತ್ತಿತ್ತು. ಕರೆಯ ಸಮಯ ಬರೆದಿಟ್ಟ ಫೈಲನ್ನು ನಾನೇ ಓದಿದ್ದೆ. ಅದರಲ್ಲಿದ್ದದ್ದು ಒಂದೇ ಸಮಯ. ಆದರೂ ಹನ್ನೊಂದು ದಾಟಿ ಒಂದು ನಿಮಿಷವಾಗುವವರೆಗೆ ನಾನು ಉಸಿರು ಬಿಡಲಿಲ್ಲ.

"ಇವತ್ತು ನೀನು ಮುಟ್ಟಿಲ್ವಲ್ಲ" ಎಂದರು ಆಂಟಿ ನಿಧಾನವಾಗಿ. ಖಾಲಿ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. "ಒಂದ್ಸಲ ಮುಟ್ತೀಯಾ?"

ಎದ್ದು ಕುರ್ಚಿಯಲ್ಲಿ ಕೂತೆ. ಮೌಸಿನ ಮೇಲೆ ಕೈಯಿಟ್ಟೆ. ಗಡಿಯಾರವನ್ನು ಮತ್ತೆ ತಿರುಗಿಸಬಹುದಿತ್ತು, ಎರಡು ಕ್ಲಿಕ್. ಅವರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಇವತ್ತು ಮಾಡಿದರೆ ನಾಳೆಯೂ ಈ ಕುರ್ಚಿಗೆ ಬರಬೇಕು. ನಾಡಿದ್ದೂ. ಅವರು ಕೇಳುವುದು ಇನ್ನು ಆ ಹುಡುಗಿಯನ್ನಲ್ಲ, ನನ್ನನ್ನು.

ಕೈ ತೆಗೆದೆ.

"ನಾಲ್ಕು ಗಂಟೆಗೆ ಕರೀತಾಳೆ ಆಂಟಿ. ಅವಳು ಇಟ್ಟುಹೋಗಿದ್ದು ಅದೊಂದೇ. ನಾನು ಅದಕ್ಕೆ ಸೇರಿಸಲ್ಲ."

ಆಂಟಿ ಚಾಪೆ ಮಡಿಸಿ ಗೋಡೆಗೆ ಒರಗಿಸಿದರು. ಹೊರಗೆ ಗಾಡಿ ಹಾರನ್ ಮಾಡುತ್ತಿತ್ತು. "ಬಂದೆ ಇರಪ್ಪ, ಒಬ್ರೇ ಎಷ್ಟು ಅಂತ ಕಟ್ತಾರೆ" ಎನ್ನುತ್ತ ಜಗಲಿಗೆ ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ. ಅದಾದ ಮೇಲೆ ಹನ್ನೊಂದಕ್ಕೆ ಅವರು ಅಲ್ಲಿ ಕೂತದ್ದನ್ನು ನಾನು ಕಾಣಲಿಲ್ಲ. ಅಂಕಲ್ ಮತ್ತೆ ದೂರಲೂ ಇಲ್ಲ.

ಆ ಮನೆಯಲ್ಲಿ ಇನ್ನೂ ಏಳು ತಿಂಗಳಿದ್ದೆ. ಶನಿವಾರ ಹನ್ನೊಂದರ ಹೊತ್ತಿಗೆ, ಕೆರೆಯ ನಾತ ಬರುತ್ತಿದ್ದರೂ, ಅಂಗಳದ ಕಡೆಯ ಕಿಟಕಿ ತೆರೆದು, ಕೈಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದೆ. ಕೆಳಗಿಂದ ಹಸುವಿನ ಗೊರಸಿನ ಸದ್ದು, ನಲ್ಲಿಯ ನೀರಿನ ಸದ್ದು ಕೇಳುತ್ತಿತ್ತು. ಒಂದು ನಿಮಿಷ ಕಳೆದ ಮೇಲೆ ಕಿಟಕಿ ಮುಚ್ಚುತ್ತಿದ್ದೆ. ಇದನ್ನು ಆಂಟಿಗೆ ಹೇಳಲಿಲ್ಲ.